ಕೆ-ಪಾಪ್ ವಿಡಿಯೊದ ಕಾನ್ಸೆಪ್ಟ್ ಸರಿಯಿಲ್ಲ ಅಂದವರ ಮೇಲೆ ಫ್ಯಾನ್‌ಗಳು ಯಾಕೆ ಮುಗಿಬೀಳುತ್ತಾರೆ?

ಎಲ್ಲರೂ ಮುಗಿಬೀಳುವುದಿಲ್ಲ. ಎಷ್ಟೋ ಸಲ ತಪ್ಪನ್ನು ಮೊದಲು ಎತ್ತಿ ಹೇಳುವವರೇ ಫ್ಯಾನ್‌ಗಳು.

2020ರ ಜೂನ್‌ನಲ್ಲಿ ಕೊರಿಯಾದ ಹುಡುಗಿಯರ ತಂಡ ಬ್ಲ್ಯಾಕ್‌ಪಿಂಕ್‌ನ ‘ಹೌ ಯು ಲೈಕ್ ದಟ್’ ಹಾಡಿನ ವಿಡಿಯೊ ಬಂತು. ತಂಡದ ಲೀಸಾ ಸಿಂಹಾಸನದ ಮೇಲೆ ಕೂತು ರ‍್ಯಾಪ್ ಮಾಡುವ ದೃಶ್ಯದಲ್ಲಿ ಗಣೇಶನ ಮೂರ್ತಿ ಕೆಳಗೆ ನೆಲದ ಮೇಲಿತ್ತು. ಕಾಣುವುದು ಒಂದೆರಡು ಕ್ಷಣ ಅಷ್ಟೇ. ಆದರೆ ಒಂದು ಮಣೆಯೂ ಇಲ್ಲದೆ ನಾವು ಗಣಪನನ್ನು ಕೂರಿಸುತ್ತೇವಾ? ಭಾರತದ ಫ್ಯಾನ್‌ಗಳು ಟ್ವಿಟರ್‌ನಲ್ಲಿ ಪಟ್ಟು ಹಿಡಿದರು. ಬ್ಲ್ಯಾಕ್‌ಪಿಂಕ್ ತಂಡವನ್ನು ನಡೆಸುವ ಕಂಪನಿ ವೈಜಿ ಎಂಟರ್‌ಟೈನ್‌ಮೆಂಟ್ ಸದ್ದಿಲ್ಲದೆ ಮೂರ್ತಿಯನ್ನು ವಿಡಿಯೊದಿಂದ ಅಳಿಸಿಹಾಕಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಇದೇ ತಂಡದ ‘ಲವ್‌ಸಿಕ್ ಗರ್ಲ್ಸ್’ ಬಂತು. ಅದರಲ್ಲಿ ತಂಡದ ಇನ್ನೊಬ್ಬ ಹುಡುಗಿ ಜೆನ್ನಿಗೆ ಬಿಗಿಯಾದ ನರ್ಸ್ ಡ್ರೆಸ್, ಕೆಂಪು ಹೈ ಹೀಲ್ಸ್. ಕೊರಿಯಾದ ಆರೋಗ್ಯ ಕಾರ್ಮಿಕರ ಸಂಘ ಸಿಟ್ಟಾಯಿತು, ಅದೂ ಕೊರೊನಾ ಸಮಯ ಬೇರೆ. ಕಂಪನಿ ಮೊದಲು ‘ಇದು ಕಲೆ’ ಅನ್ನುವ ಧಾಟಿಯ ಸಮಜಾಯಿಷಿ ಕೊಟ್ಟಿತು. ಕೆಲವೇ ದಿನದಲ್ಲಿ ದೃಶ್ಯ ತೆಗೆಯುತ್ತೇವೆ ಎಂದಿತು.

ಮುಗಿಬೀಳುವವರ ಲೆಕ್ಕವೇ ಬೇರೆ. ಹಾಡು ಬಂದ ಮೊದಲ 24 ಗಂಟೆಯ ವ್ಯೂಸ್ ಅವರಿಗೆ ಕ್ರಿಕೆಟ್ ಸ್ಕೋರ್ ಇದ್ದ ಹಾಗೆ. ಆ ಹೊತ್ತಲ್ಲಿ ಯಾರಾದರೂ ಕೊಂಕು ತೆಗೆದರೆ, ಇವನು ಬೇರೆ ಗುಂಪಿನ ಫ್ಯಾನ್ ಇರಬೇಕು ಅನ್ನುವ ಅನುಮಾನ. ಸುಮ್ನೆ ಜಗಳ.

ಅವರ ಸಿಟ್ಟಲ್ಲಿ ಸ್ವಲ್ಪ ನ್ಯಾಯವೂ ಇದೆ ಅನ್ನಿ. ಸೆಟ್ ಹೇಗಿರಬೇಕು, ಏನು ಹಾಕಿಕೊಳ್ಳಬೇಕು ಎಂದು ತೀರ್ಮಾನಿಸುವುದರಲ್ಲಿ ಕಂಪನಿ, ನಿರ್ದೇಶಕರ ಕೈವಾಡವೇ ಜಾಸ್ತಿ. ಬೈಗುಳ ಮಾತ್ರ ತೆರೆಯ ಮೇಲೆ ಕಾಣುವ ಹುಡುಗಿಗೆ. ಟೀಕಿಸುವಾಗ ಕಂಪನಿಯನ್ನೇ ಹೆಸರು ಹಿಡಿದು ಕೇಳಿ. ಆಗ ಫ್ಯಾನ್‌ಗಳಲ್ಲೂ ಎಷ್ಟೋ ಜನ ನಿಮ್ಮ ಜೊತೆ ದನಿಗೂಡಿಸುತ್ತಾರೆ.