ಕ್ಲಿನಿಕ್‌ಗೆ ಸೆಲ್ ಕೌಂಟರ್ ತಂದರೆ ಆದಾಯ ಹೆಚ್ಚುತ್ತದೆಯೇ?

ತಾಲೂಕು ಕೇಂದ್ರದಲ್ಲಿ ಜನರಲ್ ಪ್ರಾಕ್ಟೀಸ್, ದಿನಕ್ಕೆ 40 ಜನ, ಫೀಸು 150, ತಿಂಗಳ ಕೊನೆಗೆ ಕೈ ಖಾಲಿ, ಸೆಲ್ ಕೌಂಟರ್ (ರಕ್ತಕಣ ಎಣಿಸುವ ಯಂತ್ರ) ತಂದು ಸಣ್ಣ ಲ್ಯಾಬ್ ಹಾಕಲೇ ಎಂದು ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ತಂದವನೇ. ತರಬೇಡಿ ಡಾಕ್ಟ್ರೇ.

ಯಂತ್ರ ಮಾರುವ ಏಜೆಂಟ್ ತೋರಿಸುವ ಲೆಕ್ಕ ಒಂದು ಸಿಬಿಸಿ (ಎಲ್ಲ ರಕ್ತಕಣಗಳ ಎಣಿಕೆ) ಟೆಸ್ಟಿನದ್ದು: 250 ರೂಪಾಯಿ ಬಿಲ್ಲು, ರೀಏಜೆಂಟ್ (ಯಂತ್ರಕ್ಕೆ ಹಾಕುವ ರಾಸಾಯನಿಕ ದ್ರವ), ಟ್ಯೂಬ್, ಸಿರಿಂಜ್ ಸೇರಿ 60 ಖರ್ಚು, 190 ಉಳಿತಾಯ. ದುಡ್ಡು ಹೋಗುವುದು ಟೆಸ್ಟೇ ಇಲ್ಲದ ಹೊತ್ತಿನಲ್ಲಿ. ಬೆಳಿಗ್ಗೆ ಯಂತ್ರ ಆನ್ ಮಾಡಿದರೆ ತಾನೇ ತೊಳೆದುಕೊಂಡು ಬ್ಯಾಕ್‌ಗ್ರೌಂಡ್ ನೋಡುತ್ತದೆ (ರಕ್ತ ಹಾಕದೆ ಎಣಿಕೆ ಸೊನ್ನೆಯ ಹತ್ತಿರ ಇದೆಯೇ ಎಂದು), ರಾತ್ರಿ ಆಫ್ ಮಾಡುವಾಗ ಮತ್ತೆ ತೊಳೆಯುತ್ತದೆ. ಎರಡಕ್ಕೂ ರಕ್ತ ತೆಳುಮಾಡುವ ಡೈಲ್ಯೂಯೆಂಟ್, ಕೆಂಪುಕಣ ಒಡೆಯುವ ಲೈಸ್ ಬೇಕು. ಆ ದಿನ ಒಂದೇ ಸ್ಯಾಂಪಲ್ ಬಂದರೂ ಅಷ್ಟೇ ಖರ್ಚು, ಹತ್ತು ಬಂದರೂ ಅಷ್ಟೇ. ಮುಚ್ಚಳ ತೆಗೆದ ಕ್ಯಾನಿಗೆ ಲೇಬಲ್ ಮೇಲಿನ ಎಕ್ಸ್‌ಪೈರಿ ಲೆಕ್ಕಕ್ಕಿಲ್ಲ, ತೆರೆದ ದಿನದಿಂದ ಬೇರೆಯೇ ಗಡುವು ಶುರುವಾಗುತ್ತದೆ. ಯಂತ್ರ ಸರಿಯಾಗಿ ಎಣಿಸುತ್ತಿದೆಯೇ ಎಂದು ನೋಡಲು ಹಾಕುವ, ಎಣಿಕೆ ಮೊದಲೇ ಗೊತ್ತಿರುವ ಕಂಟ್ರೋಲ್ ಬ್ಲಡ್ ಕತೆ ಇನ್ನೂ ಕಷ್ಟ. ಅದು ಫ್ರಿಜ್‌ನಲ್ಲೇ ಇರಬೇಕು, ತೆರೆದ ಮೇಲೆ ಕೆಲವೇ ವಾರ. ದುಬಾರಿ ಎಂದು ಅದನ್ನು ಬಿಟ್ಟರೆ ಪ್ಲೇಟ್‌ಲೆಟ್ ಎಣಿಕೆ ಯಾವತ್ತು ದಾರಿ ತಪ್ಪಿತು ಎಂಬುದೇ ಗೊತ್ತಾಗುವುದಿಲ್ಲ. ಜೊತೆಗೆ ಟೆಕ್ನಿಷಿಯನ್ ಸಂಬಳ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಕರೆಂಟ್ ಏರಿಳಿತಕ್ಕೆ ಆನ್‌ಲೈನ್ ಯುಪಿಎಸ್.

ಕೂಡಿಸಿ ನೋಡಿ. ಇಎಂಐ 9,000, ಟೆಕ್ನಿಷಿಯನ್ 15,000, ಎಎಂಸಿ ಮತ್ತು ಬ್ಯಾಟರಿ 2,000, ಕಂಟ್ರೋಲ್ 3,000, ತೊಳೆಯುವ ರೀಏಜೆಂಟ್ 3,000 ಎಂದು ಹಿಡಿದರೆ ತಿಂಗಳಿಗೆ 32,000. ಇದನ್ನು 190ರಿಂದ ಭಾಗಿಸಿದರೆ 169 ಟೆಸ್ಟ್. 26 ದಿನಕ್ಕೆ ಹಂಚಿದರೆ ದಿನಕ್ಕೆ ಆರೂವರೆ, ಅದೂ ಬರೀ ಅಸಲಿಗೆ. ನೆಗಡಿ, ಗ್ಯಾಸ್, ಬಿಪಿ, ಮಂಡಿನೋವಿನ 40 ಜನರಲ್ಲಿ ನಿಜವಾಗಿ ಸಿಬಿಸಿ ಬೇಕಾದವರು ಮೂರು ನಾಲ್ಕು ಮಂದಿ. ಉಳಿದ ಮೂರು ಟೆಸ್ಟ್ ಎಲ್ಲಿಂದ ಬರಬೇಕು? ಎರಡು ದಿನದ ಜ್ವರಕ್ಕೂ ಸಿಬಿಸಿ ಬರೆಯುವ ಕೈ ಇಲ್ಲೇ ಹುಟ್ಟುವುದು. ಕಂತಿನ ಒತ್ತಡ ಚೀಟಿಗೆ ಇಳಿಯಬಾರದು. ನಷ್ಟಕ್ಕಿಂತ ನನಗೆ ಇದೇ ದೊಡ್ಡ ಆಕ್ಷೇಪ.

ನಿಮ್ಮ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ. 40 ಜನ, 150 ರೂಪಾಯಿ, 26 ದಿನ ಅಂದರೆ 1,56,000. ಬಾಡಿಗೆ, ಸಂಬಳ ಕಳೆದು ಏನೂ ಉಳಿಯುತ್ತಿಲ್ಲ ಎಂದರೆ ಸೋರಿಕೆ ಒಳಗೇ ಇದೆ. ಒಂದು ವಾರ ಟೋಕನ್ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಕೊಟ್ಟ ಫೀಸು ಬರೆಸಿ. ‘ಮೊನ್ನೆ ಬಂದಿದ್ದೆ’ ಎಂದು ಪುಕ್ಕಟೆ ಒಳಬರುವವರ ಸಾಲು ಕಣ್ಣಿಗೆ ಬೀಳುತ್ತದೆ. ಅದೇ ತೊಂದರೆಗೆ 5 ದಿನದೊಳಗೆ ಬಂದರೆ ಫೀಸಿಲ್ಲ, ಹೊಸ ತೊಂದರೆಗೆ ಇದೆ ಎಂದು ಚೀಟಿಯ ಮೇಲೇ ಅಚ್ಚು ಹಾಕಿಸಿ. ಫೀಸು ಟೋಕನ್ ಕೊಡುವಾಗಲೇ ತೆಗೆದುಕೊಳ್ಳಿ, ಕ್ಯೂಆರ್ ಕ್ಲಿನಿಕ್ ಖಾತೆಯದ್ದಾಗಿರಲಿ, ಮನೆಯದ್ದಲ್ಲ. ಬಡವರಿಗೆ ಬಿಡುವುದಿದ್ದರೆ ಬಿಡಿ, ಆದರೆ ಅದನ್ನೂ ಬರೆಸಿ. ದರಪಟ್ಟಿ ಹೇಗೂ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಕಾರ ಕಾಣುವಂತೆ ಹಾಕಲೇಬೇಕು.

ಎರಡನೇ ಸೋರಿಕೆ ಔಷಧಿ ಬೀರು. ನಿಮ್ಮದೇ ರೋಗಿಗಳಿಗೆ ಔಷಧಿ ಕೊಡಲು 1945ರ ಡ್ರಗ್ಸ್ ನಿಯಮಗಳ ಶೆಡ್ಯೂಲ್ ಕೆ ಅಡಿ ಮಾರಾಟ ಲೈಸೆನ್ಸಿನಿಂದ ವಿನಾಯಿತಿ ಇದೆ, ಅಂಗಡಿಯಂತೆ ಬಂದವರಿಗೆಲ್ಲ ಮಾರಲು ಇಲ್ಲ. ‘ಹತ್ತಕ್ಕೆ ಎರಡು ಫ್ರೀ’ ಸ್ಕೀಮಿಗೆ ಮರುಳಾಗಿ ಆರು ತಿಂಗಳ ಸ್ಟಾಕ್ ತುಂಬಿದರೆ ಲಾಭ ಬೀರುವಿನಲ್ಲೇ ಎಕ್ಸ್‌ಪೈರಿ ಆಗುತ್ತದೆ. 25–30 ಐಟಂ, ಹದಿನೈದು ದಿನಕ್ಕಾಗುವಷ್ಟು, ಬೇಗ ಮುಗಿಯುವ ತಾರೀಖಿನದು ಮುಂದೆ. ಸಾಕು.

ಸಮಯದ ವಿಷಯ ಚುಟುಕಾಗಿ: ಬಿಪಿ, ತೂಕ, ಜ್ವರ, ಹಳೇ ಚೀಟಿ, ಇವೆಲ್ಲ ಹೊರಗೇ ಸಿಸ್ಟರ್ ನೋಡಿ ಬರೆದಿರಬೇಕು. ಬಿಪಿ–ಶುಗರ್ ರೋಗಿಗಳನ್ನು ಸಂಜೆ ರಶ್ಶಿನಿಂದ ಬೆಳಿಗ್ಗೆ 11ಕ್ಕೆ ಎಳೆಯಿರಿ, ಮಾತ್ರೆ ಮುಗಿಯುವ ಎರಡು ದಿನ ಮುಂಚೆ ಫೋನ್ ಮಾಡಿಸಿ. ವರ್ಷಪೂರ್ತಿ ಕ್ಲಿನಿಕ್ ನಡೆಸುವವರು ಅವರೇ.

ಪರೀಕ್ಷೆಗೆ ಗ್ಲುಕೋಮೀಟರ್, ಯೂರಿನ್ ಸ್ಟ್ರಿಪ್, ಮಲೇರಿಯಾ–ಡೆಂಗಿ ಕಾರ್ಡ್, ಇಸಿಜಿ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಸ್ಯಾಂಪಲ್ ತೆಗೆದು ಊರಿನ ಒಳ್ಳೇ ಲ್ಯಾಬಿಗೆ ಕಳಿಸಿ, ಅವರ ಹುಡುಗ ಬಂದು ಒಯ್ಯುವ ಹೊತ್ತು ಗೊತ್ತುಮಾಡಿ. ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಬೇಕು. ಸಾದಾ ಟ್ಯೂಬಿನಲ್ಲಿ ಕಾದರೆ ರಕ್ತಕಣಗಳೇ ಸಕ್ಕರೆ ತಿಂದು ರಿಪೋರ್ಟ್ ಕಮ್ಮಿ ಬರುತ್ತದೆ. ಲ್ಯಾಬಿನವರು ಕಮಿಷನ್ ಕೊಡಲು ಬಂದರೆ ಅಷ್ಟನ್ನು ರೋಗಿಯ ಬಿಲ್ಲಿನಲ್ಲೇ ಕಡಿಮೆ ಮಾಡಿಸಿ. ವೈದ್ಯರಿಗೆ ಕಮಿಷನ್ 2002ರ ನೀತಿ ಸಂಹಿತೆಯಲ್ಲೇ ನಿಷಿದ್ಧ.

ಇಷ್ಟರ ಮೇಲೂ ಯಂತ್ರ ಬೇಕೆನಿಸಿದರೆ, ಕಳಿಸಿದ ಸಿಬಿಸಿ ಚೀಟಿಗಳ ಕಾರ್ಬನ್ ಪ್ರತಿ ಇಟ್ಟು ಮೂರು ತಿಂಗಳು ಎಣಿಸಿ. ಮಳೆಗಾಲದ ಡೆಂಗಿ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫೆಬ್ರವರಿ–ಮಾರ್ಚ್‌ನಲ್ಲೂ ದಿನಕ್ಕೆ ಹತ್ತು ದಾಟಿದರೆ ಮಾತ್ರ ಕೊಟೇಶನ್ ತರಿಸಿ.