ಆಪರೇಷನ್ನಿಗೆ ಸ್ನಾಯು ಸಡಿಲಿಸಲು ಪ್ಯಾಂಕ್ಯುರೋನಿಯಂ ಹಾಕಿದ ಕೇಸಿನ ಕೊನೆಗೆ, ಟಾಪ್ ಅಪ್ ಆಗಿ ಅದೇ ಕೆಲಸದ ವೆಕ್ಯುರೋನಿಯಂ ಒಳ್ಳೆಯದಾ, ಅಟ್ರಾಕ್ಯೂರಿಯಂ ಒಳ್ಳೆಯದಾ?

ಅನಸ್ತೇಶಿಯಾ ಪಿಜಿ ಎರಡನೇ ವರ್ಷದಲ್ಲಿ ನಾನೂ ಇದನ್ನೇ ಕೇಳಬೇಕಿತ್ತು. ಕೇಳಲಿಲ್ಲ, ಸೀದಾ ಕೊಟ್ಟುಬಿಟ್ಟೆ.

ಹೊಟ್ಟೆ ಮುಚ್ಚುವ ಹೊತ್ತು. ಸರ್ಜನ್ 'ಟೈಟ್ ಇದೆ ಕಣಯ್ಯಾ' ಅಂದರು. ಪ್ಯಾನ್ ಮತ್ತೆ ಹಾಕಿದರೆ ಗಂಟೆಗಟ್ಟಲೆ ಇರುತ್ತೆ, ವೆಕ್ ಆದರೆ 20 ನಿಮಿಷದಲ್ಲಿ ಇಳಿಯುತ್ತೆ, ಅಷ್ಟರಲ್ಲಿ ಹೊಲಿಗೆ ಮುಗಿಯುತ್ತೆ ಅಂತ ಲೆಕ್ಕ ಹಾಕಿ 1 ಮಿಲಿಗ್ರಾಂ ವೆಕ್ ತಳ್ಳಿದೆ. ಭಾರಿ ಜಾಣ ಅಂತ ನನಗೇ ಅನಿಸಿತ್ತು.

ಮುಕ್ಕಾಲು ಗಂಟೆಗೆ ಒಂದಿಷ್ಟು ಉಸಿರು ಶುರುವಾಯಿತು. ಸಡಿಲಿಕೆ ಇಳಿಸುವ ರಿವರ್ಸಲ್ ಅಂತ ನಿಯೋಸ್ಟಿಗ್ಮಿನ್ 2.5 ಮಿಲಿಗ್ರಾಂ, ಅದರ ಅಡ್ಡಪರಿಣಾಮ ತಡೆಯೋಕೆ ಗ್ಲೈಕೋಪೈರೊಲೇಟ್ 0.5 ಮಿಲಿಗ್ರಾಂ ಕೊಟ್ಟು ಉಸಿರಿನ ಟ್ಯೂಬ್ ತೆಗೆದೆ. ರಿಕವರಿ ರೂಮಿನಲ್ಲಿ ನೋಡಿದರೆ ರೋಗಿ ನೀರಿಂದ ಎತ್ತಿಹಾಕಿದ ಮೀನಿನ ಥರ ಒದ್ದಾಡುತ್ತಿದ್ದಾರೆ. 'ತಲೆ ಎತ್ತಿ' ಅಂದರೆ ದಿಂಬಿನಿಂದ ಎರಡು ಬೆರಳೂ ಮೇಲೇಳಲಿಲ್ಲ. ಮತ್ತೆ ಟ್ಯೂಬ್, ರಾತ್ರಿಯೆಲ್ಲ ವೆಂಟಿಲೇಟರ್. ಬೆಳಿಗ್ಗೆ ಅವರು ಹೇಳಿದ್ದು: 'ಕೂಗೋಣ ಅಂದ್ಕೊಂಡೆ ಸಾರ್, ಬಾಯೇ ಬರ್ಲಿಲ್ಲ.'

ನನ್ನ ತಪ್ಪು ಡೋಸ್ ಅಲ್ಲ. 20 ನಿಮಿಷ ಅನ್ನೋದು ಬಾಟಲಿಯೊಳಗೇ ಇರುತ್ತೆ ಅಂದುಕೊಂಡಿದ್ದು. ಸ್ನಾಯುವಿನ ರಿಸೆಪ್ಟರ್‌ಗಳಲ್ಲಿ (ಔಷಧಿ ಹೋಗಿ ಕೂರುವ ಸೀಟುಗಳಲ್ಲಿ) ಸುಮಾರು ಮುಕ್ಕಾಲು ಪಾಲು ತುಂಬುವವರೆಗೆ ಸ್ನಾಯು ಸೋತದ್ದೇ ಕಾಣಿಸಲ್ಲ. ಅಂದರೆ ಹೊಟ್ಟೆ ಬಿಗಿಯಾಯಿತು ಅನ್ನುವಾಗಲೂ ಹೆಚ್ಚಿನ ಸೀಟು ಹಿಡಿದು ಕೂತಿರುವುದು ಪ್ಯಾನ್. ಏನೂ ಹಾಕದ ಮನುಷ್ಯನಿಗೆ 1 ಮಿಲಿಗ್ರಾಂ ವೆಕ್ ಅಷ್ಟೇನೂ ಮಾಡಲ್ಲ, ಇಲ್ಲಿ ಮಾತ್ರ ಉಳಿದ ನಾಲ್ಕು ಸೀಟನ್ನೂ ಅದೇ ತುಂಬಿತು. ಆಮೇಲೆ ಇಳಿಯೋದು ಯಾವ ವೇಗದಲ್ಲಿ? ಪ್ಯಾನ್ ಇಳಿಯುವ ವೇಗದಲ್ಲಿ, ಅದೂ ಕಿಡ್ನಿ ಹೊರಹಾಕಿದಷ್ಟು ನಿಧಾನವಾಗಿ. ಹೆಸರಿಗೆ ವೆಕ್, ನಡತೆ ಪ್ಯಾನ್‌ನದು. ಮೊದಲು ಹಾಕಿದ ಔಷಧಿಯ ಮೂರು ಅರ್ಧಾಯುಷ್ಯವಾದರೂ (ಮೈಯಲ್ಲಿರುವುದು ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು ಒಂದು ಅರ್ಧಾಯುಷ್ಯ) ಕಳೆಯದೆ ಎರಡನೆಯದು ತನ್ನ ಗುಣ ತೋರಿಸಲ್ಲ. ನಾನು ಅಷ್ಟು ಓದಿದ್ದೆ, ಆದರೆ ಪರೀಕ್ಷೆಗೆ.

ಅಟ್ರಾಕ್ಯೂರಿಯಂ ತಾನೇ ಒಡೆದು ಹೋಗುತ್ತಲ್ವಾ, ಅದು ಸೇಫ್ ಅಲ್ವಾ ಅಂತೀರಿ. ಇಲ್ಲ. ಅದು ಒಡೆದರೂ ಪ್ಯಾನ್ ಒಡೆಯಲ್ಲ. ಮೇಲಾಗಿ ಇವೆರಡೂ ಬೇರೆ ಬೇರೆ ಗುಂಪಿನವು, ಕೂಡಿದರೆ ಲೆಕ್ಕಕ್ಕಿಂತ ಜಾಸ್ತಿಯೇ ಕೆಲಸ ಮಾಡುತ್ತವೆ.

ಹಾಗಾಗಿ ವೆಕ್ಕೋ ಅಟ್ರಾನೋ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೊದಲು ನರ್ವ್ ಸ್ಟಿಮ್ಯುಲೇಟರ್ ಹಚ್ಚಿ ನರಕ್ಕೆ ಸಾಲಾಗಿ ನಾಲ್ಕು ಸಲ ಕರೆಂಟು ಕೊಟ್ಟು ಹೆಬ್ಬೆರಳು ಎಷ್ಟು ಸಲ ಮಿಡಿಯುತ್ತೆ ನೋಡಿ. (ನಮ್ಮ ಓಟಿಯಲ್ಲೂ ಒಂದಿತ್ತು, ಡ್ರಾಯರಿನಲ್ಲಿ, ಸೆಲ್ ಇಲ್ಲದೆ.) ಅರಿವಳಿಕೆ ಗ್ಯಾಸ್ ಸ್ವಲ್ಪ ಏರಿಸಿ, ಬೇಕಿದ್ದರೆ ಪ್ರೊಪೊಫಾಲ್ 20–30 ಮಿಲಿಗ್ರಾಂ ಕೊಡಿ, ಹೊಟ್ಟೆ ಮುಚ್ಚೋಕೆ ಬಹಳ ಸಲ ಅಷ್ಟು ಸಾಕು. ಸರ್ಜನ್ ಗೊಣಗಿದರೆ ಗೊಣಗಲಿ. ನಾಲ್ಕೂ ಮಿಡಿತ ಬರುವ ತನಕ ರಿವರ್ಸಲ್ ಕೊಡಬೇಡಿ, ನಾಲ್ಕನೇ ಮಿಡಿತಕ್ಕೂ ಮೊದಲನೆಯದಕ್ಕೂ ಇರುವ ಅನುಪಾತ 0.9 ದಾಟುವ ತನಕ ಟ್ಯೂಬ್ ಮುಟ್ಟಬೇಡಿ.