ಹೊಸ ಪಿಸಿಯ ಓವರ್‌ಕ್ಲಾಕ್: 5.2 ಗಿಗಾಹರ್ಟ್ಸ್ ಆಮೇಲೆ, ಮೊದಲು ರ್‍ಯಾಮ್ ನೋಡಿ

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಪಾರ್ಟ್ಸ್ ತಂದು ಮನೆಯಲ್ಲೇ ಪಿಸಿ ಜೋಡಿಸಿದ್ದೇನೆ. ರೈಜನ್ 5 7600 ಪ್ರೊಸೆಸರ್, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5-6000 ರ್‍ಯಾಮ್, ಆರ್‌ಟಿಎಕ್ಸ್ 4060. ಕೂಲರ್ ಪ್ರೊಸೆಸರ್ ಡಬ್ಬಿಯಲ್ಲಿ ಬಂದದ್ದೇ. ಒಂದು ವಿಡಿಯೊ ನೋಡಿ ಎಲ್ಲ ಕೋರ್‌ಗಳನ್ನೂ 5.2 ಗಿಗಾಹರ್ಟ್ಸ್‌ಗೆ ಇಟ್ಟು 1.35 ವೋಲ್ಟ್ ಕೊಟ್ಟೆ. ವಿಂಡೋಸ್ ಬರುತ್ತದೆ, ಆದರೆ ರೆಂಡರ್‌ಗೆ ಹಾಕಿದ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ರ್‍ಯಾಮ್ ವೇಗ ಬೇರೆ 4800 ಅಂತ ತೋರಿಸುತ್ತಿದೆ. ಇನ್ನೆಷ್ಟು ವೋಲ್ಟ್ ಕೊಟ್ಟರೆ ನಿಲ್ಲುತ್ತದೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇನ್ನು ವೋಲ್ಟ್ ಏರಿಸಲೇಬೇಡಿ. ಮೊದಲು ಬಯೋಸ್‌ಗೆ (ವಿಂಡೋಸ್ ಬರುವ ಮುಂಚೆ ತೆರೆಯುವ, ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ಅದೇ ರೆಂಡರನ್ನು ಒಂದೆರಡು ಗಂಟೆ ಓಡಿಸಿ. ಡೀಫಾಲ್ಟ್‌ನಲ್ಲೂ ರೀಸ್ಟಾರ್ಟ್ ಆದರೆ ತೊಂದರೆ ಬೇರೆ ಕಡೆ ಇದೆ: ಪವರ್ ಸಪ್ಲೈ, ಸರಿಯಾಗಿ ಕೂರದ ಕೂಲರ್, ಅಥವಾ ಹಾಳಾದ ರ್‍ಯಾಮ್. ಹೊಸದಾಗಿ ಜೋಡಿಸಿದ ಪಿಸಿಯಲ್ಲಿ ಈ ಪರೀಕ್ಷೆ ಮಾಡದೆ ಓವರ್‌ಕ್ಲಾಕ್‌ಗೆ (ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ) ಕೈ ಹಾಕಿದರೆ, ತಪ್ಪು ಯಾರದ್ದು ಅಂತ ಆಮೇಲೆ ಗೊತ್ತೇ ಆಗುವುದಿಲ್ಲ.

ನಿಮ್ಮ ಚಿಪ್‌ಗೆ ಕಂಪನಿ ಹೇಳುವ ಗರಿಷ್ಠ ಬೂಸ್ಟ್, ಅಂದರೆ ಚಿಪ್ ತಾನಾಗಿ ಏರಬಲ್ಲ ವೇಗ, 5.1 ಗಿಗಾಹರ್ಟ್ಸ್. ಅದೂ ಒಂದೆರಡು ಕೋರ್‌ಗೆ ಮಾತ್ರ ಕೆಲಸ ಇದ್ದಾಗ. ನೀವು ಆರೂ ಕೋರ್‌ಗಳು ಒಟ್ಟಿಗೆ 5.2ರಲ್ಲಿ ದುಡಿಯಲಿ ಅಂತ ಕೇಳುತ್ತಿದ್ದೀರಿ. ಬಿಸಿ ಏರುವ ಲೆಕ್ಕ ಹೀಗಿದೆ: ವೇಗ ಏರಿದಷ್ಟೇ ಅದೂ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು (ಸ್ಕ್ವೇರ್) ಏರುತ್ತದೆ. ಉದಾಹರಣೆಗೆ 5.0 ಗಿಗಾಹರ್ಟ್ಸ್, 1.2 ವೋಲ್ಟ್‌ನಿಂದ 5.2, 1.35ಕ್ಕೆ ಹೋದರೆ ವೇಗ ಶೇ 4ರಷ್ಟು ಜಾಸ್ತಿ, ಬಿಸಿ ಶೇ 30ರಷ್ಟು ಜಾಸ್ತಿ. ಡಬ್ಬಿಯ ಪುಟ್ಟ ಕೂಲರ್ 65 ವ್ಯಾಟ್ ದರ್ಜೆಯ ಚಿಪ್‌ಗೆಂದು ಕೊಟ್ಟದ್ದು. ಅದರಿಂದ ಇದು ಆಗದ ಮಾತು.

ಹಳೆಯ ಕಥೆಗಳನ್ನು ಕೇಳಿ ಎಷ್ಟೋ ಜನ ಇಲ್ಲೇ ಎಡವುತ್ತಾರೆ. 1998ರ ಇಂಟೆಲ್ ಸೆಲೆರಾನ್ 300ಎ ಚಿಪ್‌ನ ಬಸ್ (ಚಿಪ್ ಮತ್ತು ಬೋರ್ಡ್ ನಡುವಿನ ಸಂಪರ್ಕ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಸಾಕಿತ್ತು, 300ರ ಚಿಪ್ 450ರಲ್ಲಿ ಓಡುತ್ತಿತ್ತು. ಕಂಪನಿ ಅಷ್ಟು ಜಾಗ ಬಿಟ್ಟಿತ್ತು. ಈಗಿನ ಚಿಪ್‌ಗಳು ಬಿಸಿ, ಕರೆಂಟ್, ಕೆಲಸದ ಹೊರೆ ಎಲ್ಲವನ್ನೂ ಅಳೆಯುತ್ತಾ ತಾವೇ ಆದಷ್ಟು ಮೇಲಕ್ಕೆ ಹೋಗುತ್ತವೆ. ನೀವು ವೇಗವನ್ನು ಒಂದೇ ಅಂಕಿಗೆ ಕಟ್ಟಿದರೆ ಆ ಜಾಣತನವನ್ನೇ ಆಫ್ ಮಾಡಿದ ಹಾಗೆ.

ಈಗ ಆ 4800ರ ವಿಷಯ. ನಿಮಗೆ ನಿಜವಾದ ಲಾಭ ಸಿಗುವುದು ಇಲ್ಲೇ. ರ್‍ಯಾಮ್ ಮೇಲೆ 6000 ಅಂತ ಬರೆದಿದ್ದರೂ ಅದು ತಾನಾಗಿ ಆ ವೇಗಕ್ಕೆ ಬರುವುದಿಲ್ಲ. ಬಯೋಸ್‌ನಲ್ಲಿ ಎಕ್ಸ್‌ಪೋ (EXPO) ಪ್ರೊಫೈಲ್, ಅಂದರೆ ರ್‍ಯಾಮ್‌ನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್, ಆನ್ ಮಾಡಬೇಕು. ಅದಕ್ಕೂ ಮುಂಚೆ ಎರಡು ಕೆಲಸ ಮಾಡಿ. ಒಂದು, ಪ್ರೊಸೆಸರ್ ಕಡೆಯಿಂದ ಎಣಿಸಿದರೆ ರ್‍ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿದೆಯಾ ನೋಡಿ. (ಎರಡೇ ಸ್ಲಾಟ್ ಇರುವ ಬೋರ್ಡಾದರೆ ಈ ಗೊಡವೆ ಇಲ್ಲ.) ಎರಡು, ಬಯೋಸನ್ನು ಹೊಸ ಆವೃತ್ತಿಗೆ ತನ್ನಿ. 2023ರಲ್ಲಿ ಕೆಲವು ಎಎಂ5 (ನಿಮ್ಮ ಚಿಪ್ ಕೂರುವ ಸಾಕೆಟ್) ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ರೈಜನ್ ತಯಾರಿಸುವ ಎಎಂಡಿ ಕಂಪನಿ ಎಸ್‌ಒಸಿ ವೋಲ್ಟೇಜ್‌ಗೆ (ಚಿಪ್‌ನೊಳಗಿನ ಮೆಮೊರಿ ಕಂಟ್ರೋಲರ್ ಭಾಗಕ್ಕೆ ಹೋಗುವುದು) 1.3 ವೋಲ್ಟ್ ಮಿತಿ ಹಾಕಿತು. ಆ ಮಿತಿ ಬರುವುದು ಬಯೋಸ್ ಅಪ್‌ಡೇಟ್ ಮೂಲಕವೇ.

ಎಕ್ಸ್‌ಪೋ ಆನ್ ಮಾಡಿದ ಮೇಲೆ ಮೊದಲ ಸಲ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ್‍ಯಾಮ್ ಜೊತೆ ಹೊಂದಿಕೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಆಮೇಲೂ ಬರದಿದ್ದರೆ ಗೋಡೆಯ ಸ್ವಿಚ್ ಆರಿಸಿ, ಬೋರ್ಡ್ ಮೇಲಿನ ಕ್ಲಿಯರ್ ಸಿಮಾಸ್ ಪಿನ್‌ಗಳೆರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಮುಟ್ಟಿಸಿ. ಎಲ್ಲವೂ ಡೀಫಾಲ್ಟ್‌ಗೆ ವಾಪಸ್ ಬರುತ್ತದೆ. ಬೂಟ್ ಆದ ಮೇಲೆ ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಮಲಗಿ. ಒಂದೇ ಒಂದು ಎರರ್ ಬಂದರೂ ಬಿಡಬೇಡಿ, 5600ಕ್ಕೆ ಇಳಿಸಿ ಮತ್ತೆ ನೋಡಿ. ಅಂದ ಹಾಗೆ, 7600ಕ್ಕೆ ಎಎಂಡಿ ಒಪ್ಪಿರುವ ರ್‍ಯಾಮ್ ವೇಗ 5200 ಮಾತ್ರ. ಅಂದರೆ ಅವರ ವಾರಂಟಿ ಷರತ್ತಿನ ಪ್ರಕಾರ ಎಕ್ಸ್‌ಪೋ ಕೂಡ ಓವರ್‌ಕ್ಲಾಕೇ. ತಿಳಿದಿರಲಿ.

ಇಷ್ಟಾದ ಮೇಲೂ ಕೈ ತುರಿಸಿದರೆ ಕೂಲರ್ ಬದಲಿಸಿ. ನಿಮ್ಮೂರಿನ ಬೇಸಿಗೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕೋಣೆ 28 ಡಿಗ್ರಿ ಇದ್ದದ್ದು 40 ಆದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ ಹೋಗುತ್ತದೆ. 95 ಡಿಗ್ರಿ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಪಾಸಾದ ಸೆಟ್ಟಿಂಗ್ ಮೇನಲ್ಲಿ ಫೇಲಾಗುವುದು ಮಾಮೂಲು. 120 ಮಿಲಿಮೀಟರ್ ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ ಸಾಕು, ನೀರಿನ ಕೂಲರ್ ಬೇಕಿಲ್ಲ.

ಆಮೇಲೆ ಬಯೋಸ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅದರೊಳಗೆ ಕರ್ವ್ ಆಪ್ಟಿಮೈಜರ್. ಆಲ್ ಕೋರ್, ನೆಗೆಟಿವ್, 10 ಅಂತ ಇಡಿ. ಇದು ವೋಲ್ಟೇಜ್ ಇಳಿಸುವ ದಾರಿ. ಬಿಸಿ ಕಡಿಮೆಯಾಗುತ್ತದೆ, ಉಳಿದ ಜಾಗದಲ್ಲಿ ಚಿಪ್ ತಾನೇ ಇನ್ನಷ್ಟು ಮೇಲೆ ಹೋಗುತ್ತದೆ. ಕೆಲವು ದಿನ ಬಳಸಿ, ಸರಿ ಇದ್ದರೆ 15, ಆಮೇಲೆ 20. ವಿಡಿಯೊಗಳಲ್ಲಿ ಎಲ್ಲರೂ ಕಣ್ಣುಮುಚ್ಚಿ 30 ಅಂತಾರೆ, ನಂಬಬೇಡಿ. ಈ ಸೆಟ್ಟಿಂಗ್ ಕೈಕೊಡುವುದು ಭಾರೀ ರೆಂಡರ್‌ನಲ್ಲಲ್ಲ, ಸುಮ್ನೆ ಬ್ರೌಸರ್ ತೆರೆದು ಕೂತಾಗ. ಒಂದು ಕೋರ್ ತಟಕ್ಕನೆ ಮೇಲಕ್ಕೆ ನೆಗೆದಾಗ ವೋಲ್ಟೇಜ್ ಸಾಲುವುದಿಲ್ಲ. ಹಾಗಾಗಿ ರೆಂಡರ್ ಮಾಡಿಸಿ ನೋಡುವ ಸಿನೆಬೆಂಚ್ ಪರೀಕ್ಷೆ ಪಾಸಾಯಿತು ಅಂತ ಖುಷಿಪಡಬೇಡಿ. ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ಓಡಿಸಿ.

ರೀಸ್ಟಾರ್ಟ್ ಆದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು WHEA-Logger ಎರರ್ (ಹಾರ್ಡ್‌ವೇರ್ ದೋಷದ ದಾಖಲೆ) ಹುಡುಕಿ. ಅದರಲ್ಲಿ ಪ್ರೊಸೆಸರ್ ಎಪಿಐಸಿ ಐಡಿ (Processor APIC ID) ಅಂತ ಒಂದು ಸಂಖ್ಯೆ ಇರುತ್ತದೆ. ನಿಮ್ಮ ಚಿಪ್‌ನಲ್ಲಿ 0 ಅಥವಾ 1 ಇದ್ದರೆ ಮೊದಲ ಕೋರ್, 2 ಅಥವಾ 3 ಇದ್ದರೆ ಎರಡನೆಯದು, ಹೀಗೇ ಮುಂದೆ. ಆ ಕೋರ್‌ನ ಅಂಕಿಯನ್ನು ಮಾತ್ರ ಸ್ವಲ್ಪ ಸಡಿಲಿಸಿದರೆ ಸಾಕು, ಎಲ್ಲವನ್ನೂ ಬದಲಿಸಬೇಕಿಲ್ಲ.

ಆಟದಲ್ಲಿ ಎಷ್ಟು ಲಾಭ ಅಂತೀರಾ? ಆರ್‌ಟಿಎಕ್ಸ್ 4060 ಜೊತೆ ಬಹಳಷ್ಟು ಆಟಗಳಲ್ಲಿ ತಡೆ ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಪ್ರೊಸೆಸರ್‌ನಲ್ಲಲ್ಲ. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರದೇ ಇರಬಹುದು. 144 ಹರ್ಟ್ಸ್ ಮಾನಿಟರ್ ಕೊಂಡಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದು 60ರಲ್ಲೇ ನಿಂತಿದೆಯಾ ನೋಡಿ. ಎಷ್ಟೋ ಹೊಸ ಪಿಸಿಗಳಲ್ಲಿ ಹಾಗೇ ಇರುತ್ತದೆ!

ಪ್ರಶ್ನೆ: ನನ್ನದು ಇಂಟೆಲ್ ಐ5-12400ಎಫ್, ಬಿ660 ಬೋರ್ಡ್, ಡಿಡಿಆರ್4 ರ್‍ಯಾಮ್. ಬಯೋಸ್‌ನಲ್ಲಿ ಮಲ್ಟಿಪ್ಲೈಯರ್ (ಚಿಪ್ ವೇಗ ನಿಗದಿ ಮಾಡುವ ಗುಣಕ) ಏರಿಸಲು ಆಗುತ್ತಿಲ್ಲ. ಬೋರ್ಡ್ ಹಾಳಾಗಿದೆಯಾ?
– ಇನ್ನೊಬ್ಬರು, ಶಿವಮೊಗ್ಗ

ಉತ್ತರ: ಇಲ್ಲ, ಎಲ್ಲ ಸರಿಯಾಗೇ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ (ಕೆಎಫ್, ಕೆಎಸ್ ಕೂಡ) ಇರುವ ಚಿಪ್‌ಗೆ ಮಾತ್ರ ಆ ಬೀಗ ತೆರೆದಿರುತ್ತದೆ. ಅದಕ್ಕೆ ಝಡ್ ಸರಣಿಯ ಬೋರ್ಡ್ ಕೂಡ ಬೇಕು. ಬೇಸ್ ಕ್ಲಾಕ್ (ಗುಣಕದಿಂದ ಗುಣಿಸುವ ಮೂಲ ವೇಗ) ಏರಿಸುವ ಕಳ್ಳದಾರಿ ಕೆಲವೇ ದುಬಾರಿ ಬೋರ್ಡ್‌ಗಳಲ್ಲಿ ಇತ್ತು, ಅದರ ಹಿಂದೆ ಹೋಗಬೇಡಿ. ಬಿ660ರಲ್ಲಿ ಎಕ್ಸ್‌ಎಂಪಿ (ಎಕ್ಸ್‌ಪೋ ಹಾಗೆಯೇ ಇಂಟೆಲ್‌ನ ರ್‍ಯಾಮ್ ಪ್ರೊಫೈಲ್) ಕೆಲಸ ಮಾಡುತ್ತದೆ, ಅದನ್ನು ಆನ್ ಮಾಡಿ. 3200ರ ರ್‍ಯಾಮ್ ಆದರೆ ಆರಾಮವಾಗಿ ಓಡುತ್ತದೆ. 3600 ಹಠ ಮಾಡಿದರೆ 3466 ಅಥವಾ 3200ಕ್ಕೆ ಇಳಿಸಿಕೊಳ್ಳಿ, ಮೆಮೊರಿ ಕಂಟ್ರೋಲರ್ ಗೇರ್ 1ರಲ್ಲೇ (ರ್‍ಯಾಮ್ ಜೊತೆ ಸಮ ವೇಗದಲ್ಲಿ ಓಡುವ ಸ್ಥಿತಿ) ಇರಲಿ.